ಒಂದು ರಾತ್ರಿ ದೂರದ ಸಿಹಿನೀರು

ಸಿಖ್ಖರ ಪುಣ್ಯನಗರಿ ಎಂದರೆ ಎಲ್ಲರಿಗೂ ಅಮೃತಸರವೇ ನೆನಪು. ಸೇಲಂ, ಧರ್ಮಪುರಿಯ ಕನ್ನಡ ಮನೆಗಳಿಗೆ ಅದು ದೇಶದ ಇನ್ನೊಂದು ತುದಿ. ಆದರೆ ಗುರುನಾನಕರು ಕಾಲಿಟ್ಟ, ಕನ್ನಡದಲ್ಲೇ ದಾರಿ ಕೇಳಬಹುದಾದ ಊರೊಂದು ಬೆಂಗಳೂರಿನಿಂದ ಒಂದೇ ರಾತ್ರಿಯ ಹಾದಿ. ಈ ಕಾರ್ತಿಕದಲ್ಲಿ ಎರಡು ದಿನ ಬಿಡುವು ಮಾಡಿಕೊಳ್ಳಿ. ಬೀದರ್‌ಗೆ ಹೋಗಿ ಬನ್ನಿ.

ಬೆಳಗಿನ ಜಾವ ಐದೂವರೆ. ಧರ್ಮಪುರಿ ದಾಟಿ ಸೇಲಂ ಕಡೆ ಹೊರಟರೆ ಸಿಗುವ ತೊಪ್ಪೂರು ಘಾಟಿ. ಇಳಿಜಾರು ಶುರುವಾಗುವ ಮುನ್ನ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಟೀ ಅಂಗಡಿಯ ಬೆಳಕಿನಲ್ಲಿ ಪಂಜಾಬಿನ ನಂಬರಿನ ಲಾರಿಯೊಂದರ ಚಾಲಕ ಪಗಡಿ ಕಟ್ಟಿಕೊಳ್ಳುತ್ತಿದ್ದರು. ಬಟ್ಟೆಯ ಒಂದು ತುದಿ ಬಾಗಿಲಿನ ಹಿಡಿಗೆ ಬಿಗಿದಿತ್ತು, ಇನ್ನೊಂದು ತುದಿ ಅವರ ಕೈಯಲ್ಲಿ. ಎಳೆದು, ಮಡಿಸಿ, ಕನ್ನಡಿ ನೋಡಿಕೊಂಡು ಸುತ್ತುತ್ತಾ ಹೋದರು.

ನಮ್ಮ ದೊಡ್ಡಮ್ಮ ಟೀ ಲೋಟ ಹಿಡಿದವರು ಕುಡಿಯುವುದನ್ನೇ ಮರೆತಿದ್ದರು. ಪೆನ್ನಾಗರಂ ಕಡೆ ಹುಟ್ಟಿ, ಸೇಲಂನ ನೇಕಾರರ ಮನೆಗೆ ಸೊಸೆಯಾಗಿ ಬಂದವರು. ನಲವತ್ತು ವರ್ಷ ಮಗ್ಗದ ಮುಂದೆ ಕೂತ ಕಣ್ಣು ಅವರದು.

"ಹನ್ನೆರಡು ಮೊಳ ಇರಬಹುದು ಅಲ್ವೇನೋ? ಒಂದು ಸುಕ್ಕಿಲ್ಲ ನೋಡು."

ಆಮೇಲೆ ಕೇಳಿದರು: "ಇವರ ದೇವಸ್ಥಾನಕ್ಕೆ ಹೋಗಬೇಕಂದ್ರೆ ಎಷ್ಟು ದಿನ ಆಗತ್ತೆ?"

ನಮ್ಮ ಪ್ರವಾಸದ ಬೀಜ ಬಿದ್ದದ್ದು ಆ ಪ್ರಶ್ನೆಯಿಂದ.

ಹೆದ್ದಾರಿ ಒಂದೇ, ದೂರ ಬಹಳ

ತೊಪ್ಪೂರಿನಲ್ಲಿ ನಮ್ಮ ಕಾಲ ಕೆಳಗಿದ್ದದ್ದು ರಾಷ್ಟ್ರೀಯ ಹೆದ್ದಾರಿ 44. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ, ದೇಶದ ಅತಿ ಉದ್ದದ ಹೆದ್ದಾರಿ. ಜಲಂಧರ್, ಲೂಧಿಯಾನಾ ಹಾದು ಬರುವ ಅದೇ ರಸ್ತೆ ಕೃಷ್ಣಗಿರಿ, ಧರ್ಮಪುರಿ, ಸೇಲಂಗಳನ್ನೂ ಪೋಣಿಸುತ್ತದೆ. ಹೀಗಾಗಿ ನಮ್ಮ ಕಡೆಯ ಧಾಬಾಗಳಲ್ಲಿ ರೊಟ್ಟಿ, ದಾಲ್ ಸಿಗುವುದು ಹೊಸದೇನಲ್ಲ. ಪಂಜಾಬು ನಮ್ಮ ಮನೆ ಮುಂದೆ ದಿನವೂ ಹಾದುಹೋಗುತ್ತಿದೆ, ನಾವು ಮಾತಾಡಿಸಿಲ್ಲ ಅಷ್ಟೆ.

ಆದರೂ ಸೇಲಂನಿಂದ ಅಮೃತಸರ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಮಗ್ಗ ನಿಲ್ಲಿಸಿ, ಅಂಗಡಿ ಮುಚ್ಚಿ, ಮಕ್ಕಳ ಶಾಲೆ ಬಿಡಿಸಿ ಅಷ್ಟು ದೂರ ಹೋಗಿಬರುವುದು ದುಡಿದು ತಿನ್ನುವ ಮನೆಗಳಿಗೆ ಸುಲಭವಲ್ಲ. ಸ್ವರ್ಣಮಂದಿರವನ್ನು ಜೀವನದಲ್ಲಿ ಒಮ್ಮೆ ನೋಡಲೇಬೇಕು, ಆ ಆಸೆ ಹಾಗೇ ಇರಲಿ. ಅದಕ್ಕೆ ಕಾಯುತ್ತಾ ಕೂತು, ಹತ್ತಿರದ ಊರನ್ನು ಕಳೆದುಕೊಳ್ಳಬಾರದು ಎನ್ನುವುದು ನನ್ನ ಮಾತು.

ಕರ್ನಾಟಕದ ಉತ್ತರದ ತುತ್ತತುದಿಯಲ್ಲಿ ಬೀದರ್ ಇದೆ. ಅಲ್ಲಿ ಗುರುನಾನಕ ಝೀರಾ ಸಾಹಿಬ್ ಗುರುದ್ವಾರ ಇದೆ. ತಮಿಳುನಾಡಿನ ನಡುವೆ ಕನ್ನಡ ಮಾತಾಡಿಕೊಂಡಿರುವ ನಾವು ನಮ್ಮ ನುಡಿಯ ದಕ್ಷಿಣದ ಅಂಚು. ಬೀದರ್ ಅದರ ಉತ್ತರದ ಅಂಚು. ಈ ಅಂಚಿನಿಂದ ಆ ಅಂಚಿಗೆ ಹೋಗಲು ಒಂದು ನೀರಿನ ಕಥೆ ನಮ್ಮನ್ನು ಕರೆಯಿತು.

ನೀರಿನ ಬೆಲೆ ಗೊತ್ತಿದ್ದವರಿಗೆ

ಧರ್ಮಪುರಿಯವರಿಗೆ ನೀರಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ನಮ್ಮ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲು ಬಿಗಿಯುತ್ತವೆ. ದೊಡ್ಡಮ್ಮ ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾರೆ. ಅದು ನಾಚಿಕೆ ಎಂದು ಚಿಕ್ಕಂದಿನಲ್ಲಿ ತಿಳಿದಿದ್ದೆ. ಹಲ್ಲಿನ ಕಲೆ ಮುಚ್ಚಲು ಎಂದು ಗೊತ್ತಾದದ್ದು ದೊಡ್ಡವನಾದ ಮೇಲೆ.

ಜಪಾನಿನ ನೆರವಿನಿಂದ ಕೈಗೊಂಡ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಹಳ್ಳಿಗಳಿಗೆ ಕಾವೇರಿ ಕೊಳವೆಯಲ್ಲಿ ಬಂದಳು. ಹೊಗೆ ಹಾರುವ ಕಲ್ಲು ಎಂದು ನಮ್ಮ ಮಾತಿನಲ್ಲೇ ಹೆಸರು ಪಡೆದ ಜಲಪಾತದ ನೀರು ಕೊನೆಗೂ ನಮ್ಮ ಕೊಡಕ್ಕೆ ಬಿತ್ತು.

ಈಗ ಬೀದರ್ ಗುರುದ್ವಾರದ ಐತಿಹ್ಯ ಕೇಳಿ. ಗುರುನಾನಕರು 1469ರಲ್ಲಿ ಹುಟ್ಟಿದವರು. ರಬಾಬ್ ನುಡಿಸುವ ಗೆಳೆಯ ಮರ್ದಾನನನ್ನು ಜೊತೆಗಿಟ್ಟುಕೊಂಡು ಸಾವಿರಾರು ಮೈಲಿ ನಡೆದವರು. 1510ರ ನಂತರದ ವರ್ಷಗಳಲ್ಲಿ ದಕ್ಷಿಣಕ್ಕೆ ಬಂದಾಗ ಬೀದರ್‌ನ ಹೊರವಲಯದಲ್ಲಿ ತಂಗಿದರು. ಅಲ್ಲಿ ಸೂಫಿ ಫಕೀರರೂ ಇದ್ದರು. ಊರಿನವರು ಬಂದು ಹೇಳಿಕೊಂಡದ್ದು ಒಂದೇ ಕಷ್ಟ: ಬಾವಿ ತೋಡಿದರೆ ನೀರಿಲ್ಲ, ಸಿಕ್ಕರೂ ಕುಡಿಯಲು ಬಾರದಷ್ಟು ಕಹಿ. ಗುರುಗಳು ದೇವರನ್ನು ನೆನೆದು ಬೆಟ್ಟದ ಬುಡದ ಕಲ್ಲೊಂದನ್ನು ಕಾಲಿಂದ ಸರಿಸಿದರು. ಅಡಿಯಿಂದ ಸಿಹಿನೀರು ಚಿಮ್ಮಿತು. ಆ ಝರಿಯೇ ಝೀರಾ.

ಭೂಮಿಯ ಕಡೆಯಿಂದ ನೋಡಿದರೂ ಈ ಜಾಗ ಸೋಜಿಗವೇ. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಈ ಕಲ್ಲು ಜೇನುಗೂಡಿನ ಹಾಗೆ ತೂತು ತೂತು. ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ. ಅಡಿಯಲ್ಲಿ ನೀರು ಬಿಡದ ಗಟ್ಟಿ ಪದರ ಸಿಕ್ಕಾಗ ನೀರು ಪಕ್ಕಕ್ಕೆ ಹರಿದು, ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಗುರುದ್ವಾರ ಇರುವುದೂ ಮೂರು ಕಡೆ ಜಂಬಿಟ್ಟಿಗೆ ದಿಬ್ಬಗಳಿರುವ ಕಣಿವೆಯಲ್ಲೇ. ಭಕ್ತರಿಗೆ ಅದು ಗುರುವಿನ ಕರುಣೆ, ಭೂವಿಜ್ಞಾನಿಗೆ ಕಲ್ಲಿನ ಗುಣ. ಬಾಯಾರಿ ಬಂದವರಿಗೆ ಎರಡೂ ಒಂದೇ ಬೊಗಸೆಯಲ್ಲಿ ಸಿಗುತ್ತವೆ.

ಚೌಕಟ್ಟು: ಐವರಲ್ಲಿ ಒಬ್ಬ ನಮ್ಮ ನಾಡಿನವ

1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗರು ತಲೆ ಕೊಡಲು ಸಿದ್ಧರಿರುವವರು ಮುಂದೆ ಬನ್ನಿ ಎಂದು ಕರೆದರು. ಒಬ್ಬೊಬ್ಬರಾಗಿ ಎದ್ದುಬಂದ ಐವರೇ 'ಪಂಜ್ ಪ್ಯಾರೇ', ಖಾಲ್ಸಾ ಎಂಬ ಸಿಖ್ ಬಳಗದ ಮೊದಲ ಐವರು. ಲಾಹೋರ್, ಹಸ್ತಿನಾಪುರ, ಪುರಿ, ದ್ವಾರಕೆಯ ನಾಲ್ವರ ಜೊತೆ ಐದನೆಯವರು ಬೀದರ್‌ನ ಭಾಯಿ ಸಾಹಿಬ್ ಸಿಂಗ್. ಕ್ಷೌರಿಕ ಕುಟುಂಬದವರು. ಚಮಕೌರ್ ಯುದ್ಧದಲ್ಲಿ ಪ್ರಾಣಕೊಟ್ಟರು.

ಬೀದರ್‌ನಿಂದ ಸುಮಾರು 10 ಕಿ.ಮೀ. ದೂರದ ಜನವಾಡ ಇನ್ನೊಂದು ಪುಣ್ಯಸ್ಥಳ. ಗುರು ಗೋಬಿಂದ್ ಸಿಂಗರನ್ನು ತೊರೆದು ಬಂದಿದ್ದ ನಲವತ್ತು ಮಂದಿಯನ್ನು ಮತ್ತೆ ರಣರಂಗಕ್ಕೆ ಕರೆದೊಯ್ದ ವೀರೆ ಮಾಯಿ ಭಾಗೋ, 1708ರಲ್ಲಿ ಗುರುಗಳು ನಾಂದೇಡಿನಲ್ಲಿ ತೀರಿಕೊಂಡ ಮೇಲೆ ಬಂದು ನೆಲೆಸಿ ಕೊನೆಯುಸಿರೆಳೆದದ್ದು ಇಲ್ಲೇ. ಈಗ ಅಲ್ಲೊಂದು ಗುರುದ್ವಾರವಿದೆ.

ಪಂಕ್ತಿಯಲ್ಲಿ ಕೂತಾಗ

ಝೀರಾ ಸಾಹಿಬ್‌ನ ಈಗಿನ ಗುರುದ್ವಾರ ಕಟ್ಟಿದ್ದು 1948ರಲ್ಲಿ. ಝರಿಯ ನೀರು ಅಮೃತಕುಂಡ ಎಂಬ ಕೊಳಕ್ಕೆ ಇಳಿಯುತ್ತದೆ. ಬಂದವರು ಅದರಲ್ಲಿ ಮುಳುಗೇಳುತ್ತಾರೆ, ಕ್ಯಾನು ಬಾಟಲಿಗಳಲ್ಲಿ ಊರಿಗೆ ಒಯ್ಯುತ್ತಾರೆ. ಒಳಗೆ ಗುರು ಗ್ರಂಥ ಸಾಹಿಬ್. 1,430 ಪುಟಗಳ ಈ ಗ್ರಂಥವೇ ಸಿಖ್ಖರಿಗೆ ಜೀವಂತ ಗುರು. ಮೂರ್ತಿಯಿಲ್ಲ, ಗರ್ಭಗುಡಿಯಿಲ್ಲ.

ನೇಕಾರರ ಮನೆಯವರಿಗೆ ಇಲ್ಲೊಂದು ಹತ್ತಿರದ ನಂಟಿದೆ. ಈ ಗ್ರಂಥದಲ್ಲಿ ಗುರುಗಳ ವಾಣಿಯ ಜೊತೆಗೆ ಕಾಶಿಯ ನೇಕಾರ ಕಬೀರರ ಐನೂರಕ್ಕೂ ಹೆಚ್ಚು ರಚನೆಗಳಿವೆ. ಸಿಂಪಿಗ ನಾಮದೇವ, ಚಮ್ಮಾರ ರವಿದಾಸ, ಕ್ಷೌರಿಕ ಸೈನ್ ಅವರ ಹಾಡುಗಳೂ ಇವೆ. ಅರಸರೂ ಸೇನಾನಿಗಳೂ ತಲೆಬಾಗುವ ಗ್ರಂಥದೊಳಗೆ ಮಗ್ಗದ ಮುಂದೆ ಕೂತವನ ಮಾತಿದೆ. ಚೌಡೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸಿ, ತಲೆತಲಾಂತರದಿಂದ ಮಗ್ಗ ನಂಬಿ ಬದುಕಿದ ಸೇಲಂನ ಕನ್ನಡ ದೇವಾಂಗರಿಗೆ ಇದನ್ನು ಯಾರಾದರೂ ಹೇಳಲೇಬೇಕು. ನಾನು ಹೇಳಿದಾಗ ದೊಡ್ಡಮ್ಮ ಮತ್ತೊಮ್ಮೆ ತಲೆಬಾಗಿ ನಮಸ್ಕರಿಸಿದರು.

ಗುರುದ್ವಾರದ ಊಟದ ಮನೆ ಲಂಗರ್‌ನಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಸಾಲು. ರೊಟ್ಟಿ, ದಾಲ್, ಪಲ್ಯ, ಅನ್ನ. ಊಟ ಮುಗಿದ ಮೇಲೆ ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ, ದುಡ್ಡು ಎಲ್ಲಿ ಕೊಡಬೇಕು ಎಂದು ಕೇಳಿದರು. ಕೊಡಬೇಕಿಲ್ಲ ಎಂದಾಗ ಅವರಿಗೆ ಸಮಾಧಾನವಾಗಲಿಲ್ಲ. ನೇರವಾಗಿ ಅಡುಗೆಮನೆಗೆ ನಡೆದು, ರೊಟ್ಟಿ ಲಟ್ಟಿಸುತ್ತಿದ್ದ ಹೆಂಗಸರ ಪಕ್ಕ ಕೂತುಬಿಟ್ಟರು.

ದುಡಿದು ಉಣ್ಣು, ಹಂಚಿ ಉಣ್ಣು, ದೇವರ ನಾಮ ನೆನೆ. ಗುರುನಾನಕರ ಬೋಧನೆಯ ತಿರುಳು ಈ ಮೂರು. ಕನ್ನಡದವರು ಇದನ್ನು ಕೇಳಿದರೆ ಕಾಯಕ, ದಾಸೋಹ ಎಂಬ ಮಾತು ತಾನಾಗಿ ನಾಲಿಗೆಗೆ ಬರುತ್ತದೆ. ಶರಣರ ಕಲ್ಯಾಣ, ಇಂದಿನ ಬಸವಕಲ್ಯಾಣ, ಇದೇ ಬೀದರ್ ಜಿಲ್ಲೆಯಲ್ಲಿದೆ. ಗುರುನಾನಕರಿಗಿಂತ ಮೂರು ಶತಮಾನಕ್ಕೂ ಹಿಂದೆ ಇದೇ ಕೆಂಪು ನೆಲದ ಮೇಲೆ ಅನ್ನದ ಸಾಲಿನಲ್ಲಿ ಮೇಲುಕೀಳು ಅಳಿಸಿದವರಿದ್ದರು. ಒಬ್ಬರಿಂದ ಒಬ್ಬರು ಕಲಿತರೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮಾತು ಒಂದೇ ನೆಲದಲ್ಲಿ ಎರಡು ಸಲ ಕೇಳಿಸಿತು ಎನ್ನುತ್ತಿದ್ದೇನೆ.

ಚೌಕಟ್ಟು: ನಮ್ಮ ಕಡೆಗೂ ಬಂದಿತ್ತು ಲಂಗರ್

1924ರಲ್ಲಿ ಕೇರಳದ ವೈಕಂನಲ್ಲಿ ದೇವಸ್ಥಾನದ ಸುತ್ತಲ ಬೀದಿಯಲ್ಲಿ ಎಲ್ಲ ಜಾತಿಯವರೂ ನಡೆಯುವ ಹಕ್ಕಿಗಾಗಿ ಸತ್ಯಾಗ್ರಹ ನಡೆಯಿತು. ಸತ್ಯಾಗ್ರಹಿಗಳಿಗೆ ಊಟ ಹಾಕಲು ಪಂಜಾಬಿನಿಂದ ಅಕಾಲಿ ಸಿಖ್ಖರು ಬಂದು ಲಂಗರ್ ತೆರೆದರು. ಹೋರಾಟದ ಹೊರೆ ಸ್ಥಳೀಯರೇ ಹೊರಬೇಕು ಎಂಬ ಗಾಂಧೀಜಿಯ ನಿಲುವಿನಿಂದ ಕೆಲವು ತಿಂಗಳಲ್ಲಿ ಅದು ಮುಚ್ಚಿತು. ಆ ಸತ್ಯಾಗ್ರಹದಲ್ಲಿ ಎರಡು ಸಲ ಜೈಲು ಸೇರಿದವರು ಸೇಲಂನ ನೆರೆಯ ಈರೋಡಿನ ಪೆರಿಯಾರ್. ಅವರದೂ ಕನ್ನಡ ಮನೆಮಾತಿನ ಕುಟುಂಬ.

ಊರು ಸುತ್ತುವ ಬಗೆ

ಬೀದರ್ ಎಂದರೆ ಗುರುದ್ವಾರ ಮಾತ್ರವಲ್ಲ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಅವನ ಕೋಟೆಯ ಕಂದಕ ಮೂರು ಸಾಲಿನದು, ಜಂಬಿಟ್ಟಿಗೆಯನ್ನೇ ಕಡಿದು ಮಾಡಿದ್ದು. ಒಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಕಪ್ಪೆಚಿಪ್ಪಿನ ಹೊಳಪನ್ನು ಕೂರಿಸಿದ ಕೆಲಸ ನೋಡಲು ಬೆಳಗಿನ ಬಿಸಿಲಿನಲ್ಲೇ ಹೋಗಬೇಕು.

ಊರ ನಡುವೆ ಮಹಮೂದ್ ಗಾವಾನ್ ಮದರಸಾ. ಪರ್ಷಿಯಾದಿಂದ ಬಂದು ಪ್ರಧಾನಿಯಾದ ಗಾವಾನ್ 1472ರಲ್ಲಿ ಕಟ್ಟಿಸಿದ ವಿದ್ಯಾಲಯ. ಮೊಗಲರ ಕಾಲದಲ್ಲಿ ಒಳಗಿಟ್ಟ ಮದ್ದು ಸಿಡಿದು ಅರ್ಧ ಕುಸಿಯಿತು. ಉಳಿದ ಒಂಟಿ ಮಿನಾರಿನ ಮೇಲೆ ನೀಲಿ, ಹಸಿರು ಹೆಂಚಿನ ಚೂರುಗಳು ಇಂದಿಗೂ ಮಿನುಗುತ್ತವೆ.

ನೀರಿನ ಎಳೆ ಹಿಡಿದು ಹೊರಟವರು ಇನ್ನೆರಡು ಜಾಗ ಬಿಡಬಾರದು. ಒಂದು ನೌಬಾದಿನ ಸುರಂಗ ಬಾವಿ, ಅಲ್ಲಿನವರ ಮಾತಿನಲ್ಲಿ ಕರೇಜ್. ಜಂಬಿಟ್ಟಿಗೆಯ ಹೊಟ್ಟೆಯೊಳಗೆ ಕಾಲುವೆ ಕೊರೆದು, ಅಲ್ಲಲ್ಲಿ ಗಾಳಿಬಾವಿ ತೆರೆದು ನೀರು ಹರಿಸಿದ ಪರ್ಷಿಯಾದ ತಂತ್ರ. ಇನ್ನೊಂದು ಝರಣಿ ನರಸಿಂಹ ಗುಹೆ. ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆದು ದೇವರನ್ನು ಕಾಣಬೇಕು. ಗುರು, ಸುಲ್ತಾನ, ನರಸಿಂಹ ಎಲ್ಲರೂ ಈ ಊರಿನಲ್ಲಿ ಒಂದೇ ಕಲ್ಲಿನ ನೀರನ್ನು ಹಂಚಿಕೊಂಡಿದ್ದಾರೆ.

ಕೊಳ್ಳುವುದಾದರೆ ಬಿದರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಗೆರೆ ಕೊರೆದು, ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿದರಿಗೂ ಭೌಗೋಳಿಕ ಗುರುತಿದೆ, ನಮ್ಮ ಸೇಲಂನ ಬಿಳಿ ರೇಷ್ಮೆ ವೆಣ್‌ಪಟ್ಟಿಗೂ ಇದೆ. ಅಂಗಡಿಯಲ್ಲಿ ಬೆಲೆ ಚೌಕಾಸಿ ಮಾಡುವ ಮುನ್ನ ಬಿಳಿ ಪಂಚೆಯೊಂದಕ್ಕೆ ನಾವು ಸುರಿಸುವ ಬೆವರನ್ನು ನೆನೆಯೋಣ.

"ಮತ್ತ ಕನ್ನಡ ಮಾತಾಡ್ತೀರಿ!"

ಲಂಗರ್‌ನ ಅಡುಗೆಮನೆಯಲ್ಲಿ ದೊಡ್ಡಮ್ಮನ ಪಕ್ಕ ಕೂತಿದ್ದವರು ಬೀದರ್‌ನ ಹಳ್ಳಿಯೊಂದರ ಹೆಂಗಸು. "ಯಾವೂರವ್ವಾ?" ಎಂದು ಕೇಳಿದರು. ತಮಿಳುನಾಡು, ಧರ್ಮಪುರಿ ಎಂದಾಗ ಲಟ್ಟಣಿಗೆ ನಿಂತಿತು.

"ತಮಿಳುನಾಡಾ? ಮತ್ತ ಕನ್ನಡ ಮಾತಾಡ್ತೀರಿ!"

"ನಾವು ಕನ್ನಡದವರೇ ತಾಯಿ. ಮನೇಲೆಲ್ಲ ಇದೇ ಮಾತು."

ಅವರ ಕನ್ನಡದಲ್ಲಿ ಉರ್ದು, ಮರಾಠಿ. ನಮ್ಮದರಲ್ಲಿ ತಮಿಳು. ಆದರೂ ಜೋಳದ ರೊಟ್ಟಿ ಬಡಿಯುವ ಕೈಯೂ ರಾಗಿಮುದ್ದೆ ಕಟ್ಟುವ ಕೈಯೂ ಗೋಧಿಹಿಟ್ಟಿನ ಮುಂದೆ ಕೂತು ಒಂದು ಗಂಟೆ ಬಿಡದೆ ಮಾತಾಡಿದವು.

ಅಂಚಿನಲ್ಲಿ ನುಡಿ ಉಳಿಸಿಕೊಳ್ಳುವ ಕಷ್ಟ ಬೀದರ್‌ಗೂ ಗೊತ್ತು. ನಿಜಾಮರ ಆಳ್ವಿಕೆಯಲ್ಲಿ ಇದೇ ಜಿಲ್ಲೆಯ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ತೂಗಿ, ಒಳಗೆ ಕನ್ನಡ ಕಲಿಸಿದರು. ಮಕ್ಕಳು ಶಾಲೆಯಲ್ಲಿ ತಮಿಳು ಓದಿ ಮನೆಯಲ್ಲಿ ಕನ್ನಡ ಆಡುವ ನಮ್ಮಂಥವರಿಗೆ ಆ ಫಲಕದ ಕಥೆ ಕಣ್ಣಲ್ಲಿ ನೀರು ತರಿಸುತ್ತದೆ.

ಈ ಊರಿಗೂ ಗಾಯವಿದೆ. 1988ರ ಸೆಪ್ಟೆಂಬರಿನಲ್ಲಿ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳು ಇಲ್ಲಿ ಗುಂಪು ಹಿಂಸೆಗೆ ಬಲಿಯಾದರು. ಅದನ್ನು ಮರೆಮಾಚಿ ಪುಣ್ಯಕ್ಷೇತ್ರದ ಕಥೆ ಹೇಳಬಾರದು. ಅಷ್ಟಾದರೂ ಲಂಗರ್‌ನ ಒಲೆ ಆರಲಿಲ್ಲ. ಊರಿನವರ ಮಕ್ಕಳಿಗೆ ಇಂದಿಗೂ ಅದೇ ಸಾಲಿನಲ್ಲಿ ಊಟ ಬಡಿಸುತ್ತಾರೆ. ಬೇರೆಯವರ ನಡುವೆ ಕೆಲವೇ ಮಂದಿಯಾಗಿ ಬದುಕುವವರಿಗೆ ಇದಕ್ಕಿಂತ ದೊಡ್ಡ ಪಾಠವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಚೌಕಟ್ಟು: ಹೊರಡುವವರ ಲೆಕ್ಕ

ಯಾವಾಗ: ಅಕ್ಟೋಬರ್‌ನಿಂದ ಫೆಬ್ರುವರಿ ಹಿತ. ದೀಪಾವಳಿ ಅಮಾವಾಸ್ಯೆ ಕಳೆದು ಹದಿನೈದು ದಿನಕ್ಕೆ ಬರುವ ಕಾರ್ತಿಕ ಹುಣ್ಣಿಮೆ ಗುರುನಾನಕ ಜಯಂತಿ. ಸಂಭ್ರಮ ಬೇಕಿದ್ದರೆ ಆಗಲೇ ಹೋಗಿ, ನೆಮ್ಮದಿ ಬೇಕಿದ್ದರೆ ಒಂದು ವಾರ ಬಿಟ್ಟು.

ಹೇಗೆ: ಸೇಲಂನಿಂದ ಧರ್ಮಪುರಿ, ಹೊಸೂರು ಹಾದು ಬೆಂಗಳೂರಿಗೆ ರೈಲುಗಳಿವೆ. ಅಲ್ಲಿಂದ ಬೀದರ್‌ಗೆ ರಾತ್ರಿ ರೈಲು, ರಾತ್ರಿ ಬಸ್ಸು ಎರಡೂ ಉಂಟು. ರೈಲಿನ ದಿನ, ಹೊತ್ತು ನೋಡಿಕೊಂಡು ಟಿಕೆಟ್ ಕಾಯ್ದಿರಿಸಿ. ಶುಕ್ರವಾರ ಹೊರಟರೆ ಸೋಮವಾರ ಮಧ್ಯಾಹ್ನದ ಊಟ ಮನೆಯಲ್ಲಿ.

ಶನಿವಾರ: ಬೆಳಿಗ್ಗೆ ಗುರುದ್ವಾರ, ಲಂಗರ್. ಸಂಜೆ ಮದರಸಾ, ಚೌಬಾರಾ ಗೋಪುರ, ಬಿದರಿ ಅಂಗಡಿಗಳು.

ಭಾನುವಾರ: ಬೆಳಿಗ್ಗೆ ಕೋಟೆ, ಅಷ್ಟೂರಿನ ಬಹಮನಿ ಗೋರಿಗಳು. ಮಧ್ಯಾಹ್ನ ಜನವಾಡ. ಹೊತ್ತಿದ್ದರೆ ನೌಬಾದ್. ನರಸಿಂಹ ಗುಹೆಗೆ ಹೋಗುವವರು ಒಳಗೆ ಬಿಡುತ್ತಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಉಬ್ಬಸ, ಹೃದಯದ ತೊಂದರೆ ಇರುವವರು ಇಳಿಯುವುದು ಬೇಡ.

ಇನ್ನೊಂದು ದಿನ ಸಿಕ್ಕರೆ: ಸುಮಾರು 80 ಕಿ.ಮೀ. ದೂರದ ಬಸವಕಲ್ಯಾಣ. ಅಥವಾ ಮಹಾರಾಷ್ಟ್ರದ ನಾಂದೇಡ್. ಸಿಖ್ಖರ ಐದು ತಖ್ತ್‌ಗಳಲ್ಲಿ, ಅಂದರೆ ಧರ್ಮಪೀಠಗಳಲ್ಲಿ, ಒಂದಾದ ಹಜೂರ್ ಸಾಹಿಬ್ ಅಲ್ಲಿದೆ.

ಗುರುದ್ವಾರದಲ್ಲಿ: ಚಪ್ಪಲಿ ಬಿಟ್ಟು, ಕಾಲು ತೊಳೆದು, ಗಂಡಸರೂ ಹೆಂಗಸರೂ ತಲೆ ಮುಚ್ಚಿಕೊಳ್ಳಬೇಕು. ಸೇಲಂನವರು ಮನೆಯ ಕೈಮಗ್ಗದ ಟವಲನ್ನೇ ಒಯ್ಯಿರಿ. ಬೀಡಿ, ಸಿಗರೇಟು, ಮದ್ಯ ಹತ್ತಿರವೂ ಸುಳಿಯಬಾರದು. ಕಡಾ ಪ್ರಸಾದ, ರೊಟ್ಟಿ ಎರಡನ್ನೂ ಎರಡು ಕೈ ಒಡ್ಡಿ ಪಡೆಯಿರಿ. ಬೇಕಾದಷ್ಟು ಕೇಳಿ, ತಟ್ಟೆಯಲ್ಲಿ ಬಿಡಬೇಡಿ. ಕಾಣಿಕೆ ನಿಮ್ಮ ಇಷ್ಟ. ಪಾತ್ರೆ ತೊಳೆಯಲು ನಿಂತರೆ ಅದೂ ಕಾಣಿಕೆಯೇ.

ಬೊಗಸೆ

ಹೊರಡುವ ಸಂಜೆ ದೊಡ್ಡಮ್ಮ ಝರಿಯ ಹತ್ತಿರ ಮತ್ತೆ ಬಂದರು. ತಲೆಯ ಮೇಲೆ ಸೆರಗು, ಕೈಯಲ್ಲಿ ಐದು ಲೀಟರಿನ ಕ್ಯಾನು. ತುಂಬಿಸುವ ಮುನ್ನ ಬೊಗಸೆಯೊಡ್ಡಿ ಕುಡಿದರು. ಸ್ವಲ್ಪ ಹೊತ್ತು ನೀರನ್ನು ಬಾಯಲ್ಲೇ ಇಟ್ಟುಕೊಂಡು ಆಮೇಲೆ ನುಂಗಿದರು.

"ಹೊಗೇನಕಲ್ ನೀರು ಮೊದಲ ದಿನ ನಲ್ಲೀಲಿ ಬಂತಲ್ಲ, ಆವತ್ತೂ ಅಮ್ಮ ಹಿಂಗೇ ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ಸಿಹಿ ಅಂದ್ರೆ ಹೆಂಗಿರತ್ತೆ ಅಂತ ಅವಳಿಗೆ ಆವತ್ತೇ ಗೊತ್ತಾಗಿದ್ದು."

ಐನೂರು ವರ್ಷದ ಹಿಂದೆ ಈ ಬೆಟ್ಟದ ಬುಡದಲ್ಲಿ ಮೊದಲ ಬೊಗಸೆ ಕುಡಿದವರೂ ಹೀಗೇ ನಿಂತಿದ್ದಿರಬೇಕು. ಕಹಿ ಕುಡಿದು ಬೆಳೆದವರಿಗೆ ಈ ಕಥೆಯನ್ನು ನಂಬಲು ಪವಾಡ ಬೇಕಿಲ್ಲ, ಒಂದು ಗುಟುಕು ಸಾಕು.

ದೊಡ್ಡಮ್ಮ ಕ್ಯಾನಿನ ಮುಚ್ಚಳ ಬಿಗಿದು ಎದ್ದರು. ಪಕ್ಕದಲ್ಲಿದ್ದ ಹಣ್ಣುಗಡ್ಡದ ಸರ್ದಾರ್‌ಜಿಯೊಬ್ಬರು ಅದನ್ನು ಎತ್ತಿ ಕೈಗೆ ಕೊಟ್ಟು ನಕ್ಕರು. ದೊಡ್ಡಮ್ಮನೂ ನಕ್ಕರು. ಸೆರಗು ತಲೆಯ ಮೇಲೇ ಇತ್ತು, ಬಾಯಿಗೆ ಅಡ್ಡ ಬರಲಿಲ್ಲ.